ನಲವತ್ತು ಮುಖಗಳ ಎಕ್ಸ್‌ರೇ

2011ರ ಮಾರ್ಚ್ 9, ಬುಧವಾರ, ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷಕ್ಕೆ, ರೋಗಿಗಳು ಯಾರೂ ಇಲ್ಲದ ಹೊತ್ತು ನೋಡಿ, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು ತನ್ನ ಊಟದ ಚೀಲದಿಂದ ಮಕ್ಕಳ ಕಾರ್ಡಾಟದ ಒಂದು ಕಟ್ಟನ್ನು ಹೊರತೆಗೆದು ಯಂತ್ರದ ಕೆಳಗೆ ಮಲಗಿಸಿದ. ಯಂತ್ರ ಹೆಸರು, ವಯಸ್ಸು, ಅಂಗ ಕೇಳಿತು. ಅವನ್ನು ತುಂಬದೆ ಅದು ಮುಂದಕ್ಕೆ ಹೋಗುವುದಿಲ್ಲ. ಹೆಸರಿನ ಜಾಗದಲ್ಲಿ ತನ್ನದೇ ಹೆಸರು ಹಾಕಿದ. ವಯಸ್ಸು ಐವತ್ತೆರಡು ಎಂದು ಕೊಟ್ಟ, ಅದು ಕಟ್ಟಿನ ವಯಸ್ಸು. ಅಂಗ: ಅಂಗೈ. ಗಾತ್ರ ಹೆಚ್ಚುಕಮ್ಮಿ ಹೊಂದುತ್ತಿತ್ತು.

ಹಳೆಯ ಕಾಲದ ಮಕ್ಕಳ ಕಾರ್ಡಾಟಗಳನ್ನು ಕೂಡಿಡುವುದು ಅವನ ಹುಚ್ಚು. ಮನೆಯ ಕಪಾಟಿನಲ್ಲಿ ಇನ್ನೂರ ಹನ್ನೊಂದು ಕಟ್ಟುಗಳಿದ್ದವು. ಭೂತಗನ್ನಡಿ ಹಿಡಿದು ಕೂತನೆಂದರೆ, ಒಂದು ಕೋಳಿಯ ಬಾಲಕ್ಕೆ ಚಿತ್ರಗಾರ ಎಷ್ಟು ಗೆರೆ ಎಳೆದಿದ್ದಾನೆ ಎಂದು ಎಣಿಸದೆ ಏಳುತ್ತಿರಲಿಲ್ಲ. ಈ ಒಂದು ಕಟ್ಟಿನ ಚಿತ್ರಗಳನ್ನು ಮಾತ್ರ ದೊಡ್ಡವನಾದ ಮೇಲೆ ಅವನು ನೋಡಿರಲಿಲ್ಲ. ಹತ್ತು ಕಸುಬಿನ ಹತ್ತು ಸಂಸಾರ, ಸಂಸಾರಕ್ಕೆ ನಾಲ್ಕು ಜನ, ಒಟ್ಟು ನಲವತ್ತು ಕಾರ್ಡು. ಚಿಕ್ಕಂದಿನಲ್ಲಿ ಅವನೂ ಅಕ್ಕನೂ ಆಡಿ ಆಡಿ ಚಿಂದಿ ಮಾಡಿದ ಆಟ. ಆಡಿದ ಕಟ್ಟುಗಳೆಲ್ಲ ಮಕ್ಕಳ ಕೈಯಲ್ಲೇ ಮುಗಿದುಹೋಗಿದ್ದವು. ಹದಿನಾಲ್ಕು ವರ್ಷ ಹುಡುಕಿದ ಮೇಲೆ ಸಿಕ್ಕಿದ್ದು ಯಾರೂ ಆಡದ ಇದೊಂದೇ, ಮೇಲಿನ ಮೇಣಕಾಗದದ ಸೀಲು ಕೂಡ ಒಡೆಯದೆ. ಬಿಚ್ಚಿದರೆ ಅದು ಬಿಚ್ಚದ ಕಟ್ಟಾಗಿ ಉಳಿಯುವುದಿಲ್ಲ. ಆದ್ದರಿಂದ ಬಿಚ್ಚಿರಲಿಲ್ಲ.

ಅಕ್ಕ ಬಿಡುತ್ತಿರಲಿಲ್ಲ. ಅವಳ ಬಲಗಣ್ಣು ಆಗಲೇ ಕೈಕೊಟ್ಟಿತ್ತು. ಎಡಗಣ್ಣಿನ ನಡುವಿಗೂ ಹೊಗೆ ಕವಿಯುತ್ತಿತ್ತು. ಕಣ್ಣಿನ ಡಾಕ್ಟರು ಆರು ತಿಂಗಳು ಎಂದಿದ್ದರು, ಅದರಲ್ಲಿ ನಾಲ್ಕು ಕಳೆದಿದ್ದವು. "ಮೂವತ್ತೊಂಬತ್ತು ಮುಖ ನೆನಪಿದೆ ಕಣೋ. ಆ ಬೇಕರಿಯವನ ಮಗಳದು ಮಾತ್ರ ಬರ್ತಿಲ್ಲ. ಕಣ್ಣು ಪೂರ್ತಿ ಹೋಗೋ ಮೊದಲು ಒಂದ್ಸಲ ತೋರ್ಸು," ಎಂದು ಪ್ರತಿ ಭಾನುವಾರ ಫೋನು ಮಾಡುತ್ತಿದ್ದಳು. ಸೀಲೂ ಉಳಿಯಬೇಕು, ಅಕ್ಕನೂ ನೋಡಬೇಕು. ಅವನ ಬುದ್ಧಿಗೆ ಹೊಳೆದ ದಾರಿ ಎಕ್ಸ್‌ರೇ. ಆ ಕಾಲದ ಹಳದಿ ಶಾಯಿಯಲ್ಲಿ ಸೀಸ ಇರುತ್ತಿತ್ತು. ಸೀಸ ಎಕ್ಸ್‌ರೇಗೆ ಕಾಣುತ್ತದೆ.

ಅಷ್ಟರಮಟ್ಟಿಗೆ ಅವನ ಎಣಿಕೆ ಸರಿಯಿತ್ತು. ನಲವತ್ತು ಕಾರ್ಡುಗಳು ಒಂದರ ಮೇಲೊಂದು ಇರುತ್ತವೆ ಎಂಬುದನ್ನು ಮಾತ್ರ ಮರೆತಿದ್ದ. ಇಪ್ಪತ್ತೊಂಬತ್ತು ವರ್ಷ ಜನರ ಪಕ್ಕೆಲುಬು ನೋಡಿದವನು ಅದನ್ನು ಹೇಗೆ ಮರೆತ ಎಂದು ಅವನಿಗೇ ತಿಳಿಯಲಿಲ್ಲ. ಸಾಲದ್ದಕ್ಕೆ, ಆ ಆಸ್ಪತ್ರೆಯಲ್ಲಿ ವರದಿಯಿಲ್ಲದೆ ಯಾವ ಫಿಲ್ಮೂ ಹೊರಗೆ ಹೋಗುವ ಹಾಗಿಲ್ಲ. ಒಳಗಿನ ಕೋಣೆಯ ದೊಡ್ಡ ಡಾಕ್ಟರು ತಲೆಯೆತ್ತದೆ ಬರೆದು ಕಳಿಸಿದರು: "ಮುರಿತ ಇಲ್ಲ. ಮೂಳೆಯೂ ಕಾಣಿಸುತ್ತಿಲ್ಲ. ಇನ್ನೊಮ್ಮೆ ತೆಗೆಯಿರಿ."

ಸಂಜೆ ಐದೂವರೆಗೆ ಅವನು ಫಿಲ್ಮು, ಕಟ್ಟು ಎರಡನ್ನೂ ಹಿಡಿದು ಅಕ್ಕನ ಮನೆಗೆ ಹೋದ. ಅವಳು ಫಿಲ್ಮನ್ನು ಕಿಟಕಿಯ ಬೆಳಕಿಗೆ ಒಡ್ಡಿ, ತಲೆ ಓರೆ ಮಾಡಿ, ಕಣ್ಣಂಚಿನಿಂದ ನೋಡಿದಳು.

"ಇದೇನೋ ಇದು?"

"ನಲವತ್ತೂ ಜನ ಇದ್ದಾರೆ ಅಕ್ಕಾ. ಬೆಳ್ಳಗೆ ಕಾಣೋದೆಲ್ಲ ಹಳದಿ ಬಣ್ಣ. ಅದರಲ್ಲಿ ಸೀಸ ಇದೆ."

"ಸೀಸ ಅಂದ್ರೆ ವಿಷ ಅಲ್ವಾ?"

"ಹೂಂ."

"ಸೋಲ್ತೀನಿ ಅಂತ ಗೊತ್ತಾದ ತಕ್ಷಣ ಕಾರ್ಡು ಬಾಯಿಗೆ ಹಾಕ್ಕೊಂಡು ಚೀಪ್ತಿದ್ದೆ ನೀನು. ಈಗ ಅರ್ಥ ಆಯ್ತು ಬಿಡು."

"ಏನು ಅರ್ಥ ಆಯ್ತು?"

"ಏನಿಲ್ಲಪ್ಪ. ಬೇಕರಿಯವನ ಮಗಳು ಎಲ್ಲಿ, ತೋರ್ಸು."

ಅವನು ಬೆರಳಿಟ್ಟು ತೋರಿಸಲು ಹೋದ. ಬೆರಳಿನ ಕೆಳಗೆ ಪೋಸ್ಟ್‌ಮ್ಯಾನನ ಟೋಪಿ, ಯಾರದೋ ಜಡೆ, ಯಾವುದೋ ಬೆಕ್ಕಿನ ಬಾಲ ಒಂದರೊಳಗೊಂದು ಕಲಸಿಹೋಗಿದ್ದವು. "ಇಲ್ಲೇ ಎಲ್ಲೋ ಇರ್ಬೇಕು," ಎಂದ.

ಅಕ್ಕ ಫಿಲ್ಮನ್ನು ಮೇಜಿನ ಮೇಲಿಟ್ಟಳು. "ಬೀದೀಲಿ ಹೋಗೋ ಜನ ನಂಗೆ ದಿನಾ ಹಿಂಗೇ ಕಾಣ್ತಾರೆ ಕಣೋ. ಇದಕ್ಕೆ ನಿನ್ನ ಮಷೀನು ಬೇಕಿತ್ತಾ?"

ಅವನು ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದು, ಒರೆಸಿ, ಪೂರ್ತಿ ಒಣಗುವ ತನಕ ಕಾದ.

"ಮನೇಲಿ ಬ್ಲೇಡಿದ್ಯಾ?"

"ನಿಮ್ಮ ಭಾವನ ಗಡ್ಡದ್ದಿದೆ."

"ಹೊಸದು ಬೇಕು."

"ಹೊಸದೇ ಇರುತ್ತೆ. ಅವರೇನು ದಿನಾ ಕೆರ್ಕೋತಾರಾ?"

ಐವತ್ತೆರಡು ವರ್ಷದ ಮೇಣಕಾಗದ ಸದ್ದಿಲ್ಲದೆ ಬಿಟ್ಟುಕೊಂಡಿತು. ಒಳಗೆ ಕೆಂಪು ಇನ್ನೂ ಕೆಂಪಾಗಿಯೇ, ನೀಲಿ ನೀಲಿಯಾಗಿಯೇ ಇತ್ತು. ಅವನು ಒಂದೊಂದೇ ಸರಿಸಿ, ಇಪ್ಪತ್ತಮೂರನೆಯ ಕಾರ್ಡನ್ನು ಎರಡು ಬೆರಳಲ್ಲಿ ಎತ್ತಿ ಕೊಟ್ಟ.

"ಅಂಚಲ್ಲಿ ಹಿಡ್ಕೋ ಅಕ್ಕಾ."

"ಸುಮ್ನಿರೋ."

ಅವಳು ಕಾರ್ಡನ್ನು ಎಡಗಣ್ಣಿನ ಹತ್ತಿರ ತಂದಳು. ಸಾಲಲಿಲ್ಲ. ಇನ್ನೂ ಹತ್ತಿರ ತಂದಳು. ಕೊನೆಗೆ ಮೂಗಿನ ತುದಿ ಕಾರ್ಡಿಗೆ ತಗುಲಿದಾಗ ಕೈ ನಿಂತಿತು. ಗೋಡೆಯ ಗಡಿಯಾರ ಒಂದು ನಿಮಿಷ ಮುಂದೆ ಹೋಯಿತು.

"ಹುಬ್ಬಿನ ಮೇಲೆ ಹಿಟ್ಟು ಮೆತ್ಕೊಂಡಿದೆ," ಎಂದಳು. "ಒಂದೇ ಹುಬ್ಬು. ಪುಣ್ಯಾತ್ಮ, ಒರೆಸ್ಕೊಳ್ಳೋಕೂ ಬಿಡದೆ ಬರೆದಿದ್ದಾನೆ ಅವಳನ್ನ." ಆಮೇಲೆ ಕೈಚಾಚಿದಳು. "ಮುಂದಿಂದು ಕೊಡು."

ನಲವತ್ತೂ ಮುಗಿಯುವ ಹೊತ್ತಿಗೆ ಏಳು ಗಂಟೆ ದಾಟಿತ್ತು. ಅಕ್ಕ ಕಣ್ಣು ತೊಳೆಯಲು ಒಳಗೆ ಹೋದಳು. ಅವನು ಕಾರ್ಡುಗಳನ್ನು ದೀಪದ ಕೆಳಗೆ ಹರಡಿ ನೋಡಿದ. ಬೇಕರಿಯವನ ಮಗಳ ಕೆನ್ನೆಯ ಮೇಲೆ ಎಣ್ಣೆಯ ಒಂದು ದುಂಡನೆಯ ಗುರುತು ಬಿದ್ದಿತ್ತು. ಪೋಸ್ಟ್‌ಮ್ಯಾನನ ಮೇಲೂ ಇತ್ತು, ಟೈಲರನ ಹೆಂಡತಿಯ ಮೇಲೂ ಇತ್ತು. ನಲವತ್ತರಲ್ಲೂ ಹೆಚ್ಚುಕಮ್ಮಿ ಅದೇ ಜಾಗದಲ್ಲಿ. ಕರವಸ್ತ್ರ ತೆಗೆದ. ಮಡಿಚಿ ಮತ್ತೆ ಜೇಬಿಗಿಟ್ಟ. ಉಕ್ಕಿನ ಸ್ಕೇಲು ತೆಗೆದು, ಬೇಕರಿಯವನ ಮಗಳ ಕೆನ್ನೆಗೆ ಹಗುರಾಗಿ ಹಿಡಿದು, ಅಕ್ಕನ ಮೂಗಿನ ಗುರುತನ್ನು ಅಳೆದ. ಅಡ್ಡಳತೆ ಏಳು ಮಿಲಿಮೀಟರ್.