ಹುಡುಕುವ ಗೀಳು

“ಕಡೆಯದಾಗಿ ಏನು ನೆನಪಿದೆ? ಅವಸರ ಬೇಡ, ನಿಧಾನ ಹೇಳಿ” ಎಂದರು ಡಾಕ್ಟರ್ ಶಾಂತಾರಾಮ.

ಬಾಗಿಲ ಸಂದಿಯಲ್ಲಿ ನಿಂತಿದ್ದ ಗಂಗಾ ಹಾಲಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಜಗಲಿಯ ಮೇಲೆ ಅವಳ ಗಂಡ ವಿಘ್ನೇಶ್ವರ ಕಣ್ಣು ಮುಚ್ಚಿಕೊಂಡು ಯೋಚಿಸುತ್ತಿದ್ದ.

ಡಾಕ್ಟರು ಶಿರಸಿಯಿಂದ ನಿಲ್ಕುಂದಕ್ಕೆ ಬಂದದ್ದು ಇದು ಮೂರನೆಯ ಸಲ. ಕರನಿರಾಕರಣೆಯ ಚಳವಳಿಯಲ್ಲಿ ಲಾಠಿಯಿಂದ ತಲೆಗೆ ಪೆಟ್ಟು ತಿಂದವರು ಈ ಸೀಮೆಯಲ್ಲಿ ಬಹಳ. ಅವರೆಲ್ಲ ಈಗ ಹೇಗಿದ್ದಾರೆ, ಯಾರಿಗೆ ಎಷ್ಟು ನೆನಪು ಮರಳಿತು, ಯಾರು ಮೊದಲಿನಂತೆ ದುಡಿಯುತ್ತಾರೆ ಎಂದು ಮನೆಮನೆಗೆ ಹೋಗಿ ಪರೀಕ್ಷಿಸುವ ಹುಚ್ಚು ಅವರಿಗೆ. ನೆಲಕ್ಕೆ ಗೆರೆ ಎಳೆದು ಅದರ ಮೇಲೆ ನಡೆಸುವರು. ಕಣ್ಣು ಮುಚ್ಚಿಸಿ ಲವಂಗ ಮೂಸಿಸುವರು. ಬಿಡಿಗಾಸು ಕೇಳುವವರಲ್ಲ. ಇಂಥ ಮನುಷ್ಯನ ಗಾಡಿಯ ಸದ್ದಿಗೆ ಯಾರಾದರೂ ಹೆದರುವುದುಂಟೇ? ಗಂಗಾ ಹೆದರುತ್ತಿದ್ದಳು.

ಮೊದಲ ಸಲವೇ ಅವರು ಹೇಳಿದ್ದರು. “ಅಳಿಸಿಹೋದ ನೆನಪು ಹಿಂದಿನಿಂದ ಒಂದೊಂದೇ ಮರಳುತ್ತದೆ, ತಂಗಿ. ಪೆಟ್ಟು ಬಿದ್ದ ಗಳಿಗೆಗೆ ಹತ್ತಿರ ಹತ್ತಿರ ಬರುತ್ತದೆ. ಸಂತೋಷಪಡು.” ಆಗ ವಿಘ್ನೇಶ್ವರನಿಗೆ ಹಿಂದಿನ ಚೌತಿ ಹಬ್ಬದವರೆಗೆ ನೆನಪಿತ್ತು. ಎರಡನೆಯ ಸಲ, ಪೆಟ್ಟು ಬಿದ್ದ ದಿನ ಬೆಳಿಗ್ಗೆ ತಿಂದ ದೋಸೆಯವರೆಗೆ. ಇನ್ನು ಉಳಿದದ್ದು ಆ ಸಂಜೆ ಮಾತ್ರ.

“ಈಗಲೂ ಹುಡುಕುತ್ತಾರೆಯೇ?” ಡಾಕ್ಟರು ಗಂಗಾಳ ಕಡೆ ತಿರುಗಿದರು.

“ದಿನಾ ಹುಡುಕ್ತ. ಕೊಟ್ಟಿಗೆ, ಅಟ್ಟ, ಹುಲ್ಲಿನ ಗೊಣಬೆ, ಒಂದೂ ಬಿಡ್ತ್ವಿಲ್ಲೆ. ಎಂತ ಹುಡುಕ್ತಿ ಕೇಳಿದ್ರೆ ಗೊತ್ತಿಲ್ಲೆ ಹೇಳ್ತ.”

“ಗೀಳು. ತಲೆಗೆ ಪೆಟ್ಟು ಬಿದ್ದವರಲ್ಲಿ ಇಂಥವು ಉಳಿದುಬಿಡುತ್ತವೆ.”

ಗೀಳಲ್ಲ ಎಂದು ಗಂಗಾಳಿಗೆ ಗೊತ್ತಿತ್ತು. ಅವನು ಹುಡುಕುತ್ತಿದ್ದದ್ದು ಒನಕೆಯನ್ನು. ಹಾಗೆಂದೇ ಅವಳು ನಂಬಿದ್ದಳು.

ಆ ಸಂಜೆ ಕೊಟ್ಟಿಗೆಯ ಅಟ್ಟದಲ್ಲಿ ಇಬ್ಬರು ಸತ್ಯಾಗ್ರಹಿಗಳು ಅಡಗಿದ್ದರು. ಅದಕ್ಕೆ ಮೊದಲು ಊರಲ್ಲಿ ಅಡಗಿದವರು ಒಬ್ಬರ ಹಿಂದೊಬ್ಬರು ಸಿಕ್ಕಿಬಿದ್ದಿದ್ದರು. ಪೊಲೀಸರಿಗೆ ಗುಟ್ಟು ಮುಟ್ಟಿಸುವ ಬಾತ್ಮೀದಾರನೊಬ್ಬ ಊರಲ್ಲೇ ಇದ್ದಾನೆ ಎಂದು ಎಲ್ಲರ ಬಾಯಲ್ಲೂ ಇತ್ತು. ಶಿರಸಿಗೆ ಹೋದ ಗಂಡ ಮರುದಿನ ಬರುವವನಿದ್ದ. ಅಡಗಿದವರ ಕಾವಲಿಗೆ ಗಂಗಾಳೇ ಒನಕೆ ಹಿಡಿದು ಕೊಟ್ಟಿಗೆಯ ಬಾಗಿಲ ಮರೆಯಲ್ಲಿ ನಿಂತಳು. ಕಪ್ಪಾಗುವ ಹೊತ್ತಿಗೆ ಕಂಬಳಿ ಕೊಪ್ಪೆ ಹಾಕಿಕೊಂಡವನೊಬ್ಬ ಸದ್ದಿಲ್ಲದೆ ಒಳಗೆ ಬಂದ. ಅವಳು ಎತ್ತಿ ಹಾಕಿದಳು. ಕೊಪ್ಪೆ ಸರಿದಾಗ ಕಂಡದ್ದು ಗಂಡನ ಮುಖ.

ಅಡಗಿದವರಿಗೆ ಎಚ್ಚರಿಕೆ ಹೇಳಲು ಅರ್ಧ ದಾರಿಯಿಂದ ಮರಳಿದ್ದನೇನೋ, ಪಾಪ! ಅವಳು ಕಿರುಚಿದಳು. ಓಡಿ ಬಂದವರಿಗೆ “ಪೊಲೀಸ್ರು ಹೊಡದ!” ಎಂದಳು. ಅಟ್ಟದಲ್ಲಿದ್ದವರು ಕಾಡು ಸೇರಿಕೊಂಡರು. ಅಷ್ಟರಲ್ಲಿ ಫೌಜದಾರನೂ ಪೊಲೀಸರೂ ನಿಜವಾಗಿಯೇ ಅಂಗಳಕ್ಕೆ ನುಗ್ಗಿದರು. ಅವಳ ಸುಳ್ಳಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಒನಕೆ ಬಚ್ಚಲೊಲೆ ಸೇರಿತು. ಮಾರನೆಯ ದಿನ ಕೊಟ್ಟಿಗೆಯ ಹುಲ್ಲಿನಲ್ಲಿ ಅವಳಿಗೆ ಸರ್ಕಾರಿ ಮುದ್ರೆಯಿದ್ದ ಬ್ಯಾಟರಿ ದೀಪವೊಂದು ಸಿಕ್ಕಿತು. ಪೊಲೀಸರು ಬೀಳಿಸಿಕೊಂಡದ್ದು, ಕೇಳಿಕೊಂಡು ಬಂದರೆ ಮತ್ತೆ ವಿಚಾರಣೆ ಎಂದು ಹೆದರಿ ಅದನ್ನು ಮಿಡಿ ಉಪ್ಪಿನಕಾಯಿಯ ಖಾಲಿ ಭರಣಿಯೊಳಗೆ ಹಾಕಿ ಬಾಯಿ ಕಟ್ಟಿದಳು. ಯಾರಿಗೂ ಹೇಳಲಿಲ್ಲ. ಮಿಡಿ ಭರಣಿಗಳನ್ನು ಮಡಿಯುಟ್ಟ ಹೆಂಗಸರಲ್ಲದೆ ಆ ಮನೆಯಲ್ಲಿ ಯಾರೂ ಮುಟ್ಟುವಂತಿರಲಿಲ್ಲ.

ಅಲ್ಲಿಂದೀಚೆಗೆ ಊರಲ್ಲಿ ಒಬ್ಬನೂ ಸಿಕ್ಕಿಬೀಳಲಿಲ್ಲ. ವಿಘ್ನೇಶ್ವರನ ರಕ್ತ ಕಂಡು ಆ ಬಾತ್ಮೀದಾರನಿಗೂ ನಾಚಿಕೆಯಾಯಿತು ಎಂದು ಜನ ಆಡಿಕೊಂಡರು. ಎದ್ದು ಓಡಾಡುವಂತಾದ ಮೇಲೆ ಅವನನ್ನು ಸಿದ್ದಾಪುರಕ್ಕೆ ಕರೆದೊಯ್ದು ಸಭೆಯಲ್ಲಿ ಹಾರ ಹಾಕಿದರು. ಹಾರದ ಭಾರಕ್ಕೋ ಏನೋ, ಅವನು ತಲೆಯೆತ್ತಲಿಲ್ಲ. ಅಂಥವನ ತಲೆ ಒಡೆದವಳು ಹೆಂಡತಿಯೇ ಎಂದು ತಿಳಿದರೆ? ಅತ್ತೆ ಮನೆಯೊಳಗೆ ಸೇರಿಸುವರೇ? ತವರಿನವರು ಮುಖ ನೋಡುವರೇ? ಗಂಗಾಳಿಗೆ ಊಟ ರುಚಿಸುತ್ತಿರಲಿಲ್ಲ, ಕಣ್ಣು ಮುಚ್ಚುತ್ತಿರಲಿಲ್ಲ. ಗಂಡ ಗುಣವಾಗಲಿ ಎಂದು ದೇವರಿಗೆ ಕೈಮುಗಿಯುವಳು. ನೆನಪು ಮಾತ್ರ ಬಾರದಿರಲಿ ಎಂದು ಮತ್ತೊಮ್ಮೆ ಮುಗಿಯುವಳು.

“ಕೊಟ್ಟಿಗೆ...” ವಿಘ್ನೇಶ್ವರ ಕಣ್ಣು ಬಿಟ್ಟ. “ಆನು ಕಂಬಳಿ ಹೊದ್ಕಂಡಿದ್ದಿ. ಬಾಗಿಲ ಮರೇಲಿ ಒಬ್ರು ನಿಂತಿದ್ದಿದ್ದ.”

ಲೋಟ ಕೈಜಾರಿತು. ಹಾಲು ಹೊಸ್ತಿಲವರೆಗೆ ಹರಿಯಿತು.

ಅವನು ಸದ್ದು ಬಂದತ್ತ ನೋಡಿದ. ಹೆಂಡತಿಯ ಮುಖದಿಂದ ಕಣ್ಣು ಕೀಳದೆ ಹೇಳಿದ. “ಪೊಲೀಸ. ಲಾಠಿ ಎತ್ತಿದ. ಮುಂದಿಂದು ಗೊತ್ತಿಲ್ಲೆ.”

ಡಾಕ್ಟರು ಕುಣಿಯುವುದೊಂದು ಬಾಕಿ. “ಪೆಟ್ಟಿನ ಗಳಿಗೆಯವರೆಗೂ ಮರಳಿದೆ! ಇಷ್ಟು ಚೆನ್ನಾಗಿ ಗುಣವಾದವರನ್ನು ನಾನು ಕಂಡಿಲ್ಲ” ಎಂದು ಅವನ ಬೆನ್ನು ತಟ್ಟಿ ಹೊರಟರು.

ಗಾಡಿ ತಿರುವಿನಲ್ಲಿ ಮರೆಯಾದದ್ದೇ ಗಂಗಾ ಗಂಡನ ಕಾಲು ಹಿಡಿದುಕೊಂಡಳು.

“ಗೊತ್ತಿದ್ದೂ ಯನ್ನ ಮರ್ಯಾದೆ ಉಳಿಸಿದಿ ನಿಂಗ. ಬಾತ್ಮೀದಾರ ಹೇಳಿ ತಿಳ್ಕಂಡು ಆನು ಹೊಡದಿ. ತಪ್ಪಾತು, ದೊಡ್ಡ ತಪ್ಪಾತು!”

ಅವನು ಅವಳನ್ನು ಎಬ್ಬಿಸಲಿಲ್ಲ. ಕಾಲು ಬಿಡಿಸಿಕೊಂಡು ಹೋಗಿ ಹಾಡಹಗಲಲ್ಲೇ ಬಾಗಿಲು ಮುಚ್ಚಿದ, ಅಗಳಿ ಹಾಕಿದ. ದನಿ ತಗ್ಗಿಸಿ ಕೇಳಿದ.

“ಗಂಗಾ, ಫೌಜದಾರ ಯನ್ನ ಕೈಲಿ ಕೊಟ್ಟಿದ್ದ ಬ್ಯಾಟರಿ ನಿಂಗೆ ಸಿಕ್ಕಿದ್ದಾ?”