ಆಯಿಯ ಬೀಸುಕಲ್ಲಿನ ರಾಜಿ

ಗಿರಣಿಯಲ್ಲಿ ಬಿಸಿ ಜೋಳದ ಹಿಟ್ಟಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಕಿವಿ ಕೆಂಪಾಗುತ್ತದೆ.

ಎಪ್ಪತ್ತರ ದಶಕ, ನನಗಾಗ ಒಂಬತ್ತು ವರ್ಷ. ಹೊರ್ತಿ ಊರಿನ ನಮ್ಮ ಓಣಿಯ ಜಗಳಗಳೆಲ್ಲ ನನ್ನ ಅಜ್ಜಿಯ, ಅಂದರೆ ಆಯಿಯ, ಪಡಸಾಲೆಗೆ ಬರುತ್ತಿದ್ದವು. ಆ ಮಧ್ಯಾಹ್ನ ಬಂದವರು ಗೌರವ್ವ ಮತ್ತು ನೀಲವ್ವ. ಮಗಳ ಮದುವೆಗೆಂದು ಗೌರವ್ವ ಹೊಸೆದು ಒಣಹಾಕಿದ್ದ ಶಾವಿಗೆಯನ್ನೆಲ್ಲ ನೀಲವ್ವನ ಆಡು ತಿಂದು ಮುಗಿಸಿತ್ತು.

"ಬೇಕಂತನ ಬಿಟ್ಟಾಳ್ರೀ ಆಯಿ!" ಎಂದಳು ಗೌರವ್ವ.

"ನಾ ಕಟ್ಟಿದ್ನಿರಿ!" ಎಂದು ನೀಲವ್ವ ಚೀರಿದಳು.

"ಮೊದಲ ಬೀಸ್ರಿ, ಆಮ್ಯಾಲ ಮಾತಾಡ್ರಿ" ಎಂದ ಆಯಿ, ಇಬ್ಬರನ್ನೂ ಬೀಸುಕಲ್ಲಿನ ಎದುರುಬದುರು ಕೂರಿಸಿ ಜೋಳ ಸುರಿದಳು. ಒಂದೇ ಗೂಟಕ್ಕೆ ಎರಡು ಕೈ. ಒಬ್ಬಳು ಎಳೆದರೆ ಇನ್ನೊಬ್ಬಳು ಬಿಗಿಹಿಡಿದಳು. ಕಲ್ಲು ಕದಲಲೇ ಇಲ್ಲ. ಸ್ವಲ್ಪ ಹೊತ್ತಿಗೆ ಕೈಗಳು ತಾವಾಗಿಯೇ ಹೊಂದಿಕೊಂಡವು. ಬೆಚ್ಚನೆಯ ಹಿಟ್ಟು ಸುತ್ತಲೂ ಉದುರತೊಡಗಿತು. ಗೌರವ್ವ ಬೀಸುವಾಗ ಹಾಡುವ ಪದದ ಒಂದು ನುಡಿ ಎತ್ತಿದಳು. ಮುಂದಿನದನ್ನು ನೀಲವ್ವ ಹಿಡಿದಳು.

ನನಗೆ ತಡೆಯಲಾಗಲಿಲ್ಲ. "ಆಯಿ, ಆಡಿನ ಹಗ್ಗ ಬಿಚ್ಚಿದಾಕಿ ನಾನ."

ಕಲ್ಲು ನಿಂತಿತು. ಆಯಿ ಬೈಯಲಿಲ್ಲ.

"ನಾಳಿಂದ ಗೌರವ್ವನ ಮನ್ಯಾಗ ಶಾವಿಗಿ ಹೊಸಿಯಾಕ ಕುಂದ್ರು. ಇವತ್ತ ಈ ಹಿಟ್ಟಿನ ರೊಟ್ಟಿ ಬಡಿ."

ನಾನು ಬಡಿದ ಮೊದಲ ರೊಟ್ಟಿ ಸೊಟ್ಟಪಟ್ಟ ಆಗಿತ್ತು. ಇಬ್ಬರೂ ಅದನ್ನೇ ಮುರಿದುಕೊಂಡರು.

"ದೊಡ್ಡ ತುಣುಕು ನಿನಗ ಬಂತಲ್ಲ!" ಎಂದು ನೀಲವ್ವ ಶುರುಮಾಡಿದಳು.

ಆಯಿ ಸುಮ್ಮನೆ ಬೀಸುಕಲ್ಲಿನ ಕಡೆ ನೋಡಿದಳು. ಇಬ್ಬರೂ ತುಟಿ ಪಿಟಕ್ಕೆನ್ನದೆ ತಿಂದರು.