ಆನೆ ದಾಟಿದ ಮೇಲೆ

ತಿರುವಿನಾಚೆ ಆನೆ ನಿಂತಿತ್ತು. ರವಿಚಂದ್ರನಿಗೆ ಬ್ರೇಕ್ ಹಾಕಿದ್ದಷ್ಟೇ ನೆನಪು. ಬೈಕಿನಿಂದ ಜಿಗಿದದ್ದು, ಹಿಂದೆ ಒಂದೇ ಮಗ್ಗುಲಾಗಿ ಕೂತಿದ್ದ ಹೆಂಡತಿ ನವ್ಯಶ್ರೀಯ ಮಡಿಲಿಂದ ಮಗುವನ್ನು ಕಿತ್ತುಕೊಂಡದ್ದು, ಕೈಬಿಟ್ಟ ಬೈಕು ಅವಳ ಸಮೇತ ಮಗುಚಿಕೊಂಡದ್ದು, ಇವೆಲ್ಲ ಆಗಿಹೋದ ಮೇಲೆ ಅವನ ಅರಿವಿಗೆ ಬಂದವು. ಅರಿವಿಗೆ ಬರುವ ಹೊತ್ತಿಗೆ ಅವನು ಬಂದ ದಾರಿಯಲ್ಲೇ ವಾಪಸು ಓಡುತ್ತಿದ್ದ. ಒಂಬತ್ತು ತಿಂಗಳ ಮಗಳು ಎದೆಗೆ ಆತುಕೊಂಡು ಕಿರುಚುತ್ತಿದ್ದಳು.

ಸ್ವಲ್ಪ ದೂರ ಹೋಗಿ ನಿಂತ. ತಿರುಗಿ ನೋಡಿದ. ನವ್ಯಶ್ರೀಯ ಒಂದು ಕಾಲು ಬೈಕಿನ ಕೆಳಗೆ ಸಿಕ್ಕಿತ್ತು. ಅವಳು ಮೊಣಕೈ ಊರಿ ಅರ್ಧ ಎದ್ದಿದ್ದಳು. ಆನೆಯನ್ನಲ್ಲ, ಇವನನ್ನೇ ನೋಡುತ್ತಿದ್ದಳು. ಹಿಂದೆ ಹೋಗಲೋ ಮುಂದೆ ಓಡಲೋ ತಿಳಿಯದೆ ಅವನ ಕಾಲುಗಳು ಅಲ್ಲೇ ತಡಬಡಿಸಿದವು. ಅಷ್ಟರಲ್ಲಿ ರಸ್ತೆ ಬದಿಯ ಮನೆಯ ಲಕ್ಕಪ್ಪ ಗೇಟು ತೆರೆದು ಬಾ ಬಾ ಎಂದು ಕೈ ಬೀಸಿದ. ರವಿಚಂದ್ರ ಒಳಗೆ ನುಗ್ಗಿದ.

ಆನೆಗೆ ಇವರ ಗೊಡವೆಯೇ ಇರಲಿಲ್ಲ. ಬಿದ್ದ ಬೈಕಿನತ್ತ ಸೊಂಡಿಲು ಚಾಚಿ ವಾಸನೆ ಹಿಡಿಯಿತು, ಒಮ್ಮೆ ಕಿವಿ ಬಡಿಯಿತು, ಬೇಲಿ ತುಳಿದು ಗದ್ದೆಗೆ ಇಳಿದುಹೋಯಿತು. ಲಕ್ಕಪ್ಪನೇ ಓಡಿಹೋಗಿ ಬೈಕು ಎತ್ತಿದ. ರವಿಚಂದ್ರನ ಎರಡೂ ಕೈಯಲ್ಲಿ ಮಗುವಿತ್ತು. ತನ್ನ ಹೆಂಡತಿಯ ಕಾಲ ಮೇಲಿಂದ ಇನ್ನೊಬ್ಬ ಬೈಕು ಎತ್ತುವುದನ್ನು ಅವನು ಗೇಟಿನ ಸಂದಿಯಿಂದ ನೋಡಬೇಕಾಯಿತು.

ಮದುವೆಯಾದ ಹೊಸದರಲ್ಲಿ ಹಾನುಬಾಳಿನ ರಸ್ತೆಯಲ್ಲೂ ಆನೆ ಅಡ್ಡ ಬಂದಿತ್ತು. ಆಗ ಅವಳ ಕೈ ಹಿಡಿದುಕೊಂಡೇ ಓಡಿದ್ದ. ಅವಳ ಚಪ್ಪಲಿ ಕಳಚಿ ಬಿತ್ತೆಂದು, ಆನೆ ಇನ್ನೂ ಕಣ್ಣಿಗೆ ಕಾಣುವಷ್ಟು ದೂರದಲ್ಲಿರುವಾಗಲೇ, ವಾಪಸು ಹೋಗಿ ಹೆಕ್ಕಿ ತಂದಿದ್ದ. ಅದನ್ನು ಅವಳು ತವರಿನಲ್ಲಿ ಎಷ್ಟು ಸಲ ಹೇಳಿ ಎಲ್ಲರನ್ನೂ ನಗಿಸಿದ್ದಳೋ. ಇವತ್ತಿನದನ್ನು ಏನೆಂದು ಹೇಳಿಯಾಳು?

ನವ್ಯಶ್ರೀ ಕುಂಟುತ್ತ ಬಂದಳು. ಗಂಡನ ಮುಖ ನೋಡಲಿಲ್ಲ. ಮಗುವನ್ನು ಇಸಿದುಕೊಂಡು ಜಗಲಿಯ ಮೇಲೆ ಕೂತು, ಮೊದಲು ನೆತ್ತಿ ಸವರಿದಳು, ಆಮೇಲೆ ಕೈಕಾಲು ಒಂದೊಂದಾಗಿ ಬಿಡಿಸಿ ನೋಡಿದಳು. ಅವಳದೇ ಮೊಣಕಾಲು ತರಚಿ ಚೂಡಿದಾರದ ಮೇಲೆ ರಕ್ತ ಹರಡುತ್ತಿತ್ತು. ರವಿಚಂದ್ರ ಅದನ್ನು ಒರೆಸಲು ಕರವಸ್ತ್ರ ಚಾಚಿದ. ಅವಳು ಅದನ್ನು ತೆಗೆದುಕೊಂಡು ಮಗುವಿನ ಮೂಗು ಒರೆಸಿದಳು.

ಲಕ್ಕಪ್ಪ ನೀರು ತಂದುಕೊಟ್ಟ. ಆನೆ ಬಂದಿದೆಯೆಂದು ಬೆಳಿಗ್ಗೆಯೇ ಫಾರೆಸ್ಟಿನವರ ಮೆಸೇಜ್ ಬಂದಿತ್ತಲ್ಲ, ನೋಡಲಿಲ್ಲವೇ ಎಂದು ಕೇಳಿದ. ಮಗು ನಿದ್ದೆಯಿಂದ ಏಳುತ್ತದೆಂದು ಮನೆಯಲ್ಲಿ ಇಬ್ಬರ ಫೋನೂ ಯಾವಾಗಲೂ ಸದ್ದಿಲ್ಲದೆ ಇರುತ್ತವೆ ಎಂದು ರವಿಚಂದ್ರ ವಿವರಿಸಹೊರಟ. ಲಕ್ಕಪ್ಪನಿಗೆ ಅದೆಲ್ಲ ಬೇಕಿರಲಿಲ್ಲ.

"ಅಲ್ಲ ಮಾರಾಯ, ಹೆಂಡ್ತೀನ ಆನೆಗೆ ಒಪ್ಪಿಸ್ದೋನಂಗೆ ಓಡ್ಬುಟ್ಯಲ್ಲೋ. ನಾಳೆ ನಮ್ಮ ಕುಂದೂರು ಪೂರ್ತಿ ಇದೇ ಮಾತು ಕಣೋ," ಎಂದು ನಕ್ಕ.

"ಮಗೀನ ನಾನೇ ಕೊಟ್ಟು ಓಡಿ ಅಂದೆ ಕಣಣ್ಣ," ಎಂದಳು ನವ್ಯಶ್ರೀ, ತಲೆ ಎತ್ತದೆ. ಲಕ್ಕಪ್ಪನ ನಗು ಅಲ್ಲಿಗೇ ನಿಂತಿತು. ಅವನು ಲೋಟ ಹಿಡಿದುಕೊಂಡು ಒಳಗೆ ಹೋದ.

ಮತ್ತೆ ಆಲೂರಿನ ಕಡೆ ಹೊರಟರು. ಮಗುವಿಗೆ ಅವತ್ತು ಚುಚ್ಚುಮದ್ದು ಹಾಕಿಸುವುದಿತ್ತು. ಹ್ಯಾಂಡಲ್ ಸೊಟ್ಟಗಾಗಿ ಬೈಕು ಒಂದೇ ಪಕ್ಕಕ್ಕೆ ಎಳೆಯುತ್ತಿತ್ತು, ರವಿಚಂದ್ರನ ತಲೆಯೂ ಅಷ್ಟೆ. ಅವಳೇ ಕೊಟ್ಟಳೇ? ಕೊಟ್ಟಿದ್ದರೆ ತನ್ನ ಕೈಗೆ ನೆನಪಿರಬೇಕಿತ್ತಲ್ಲ? ಹಿಂದೆ ಕೂತವಳು ಮಗುವಿನೊಂದಿಗಷ್ಟೇ ಏನೋ ಮಾತಾಡುತ್ತಿದ್ದಳು. ಆಲೂರು ಇನ್ನೂ ದೂರವಿರುವಾಗಲೇ ತಡೆಯಲಾರದೆ ಬೈಕು ನಿಲ್ಲಿಸಿದ.

"ನಿಜವಾಗ್ಲೂ ನೀನೇ ಕೊಟ್ಯಾ?"

"ಇಲ್ಲ. ನೀವೇ ಕಿತ್ಕಂಡ್ರಿ."

ಅವಳ ದನಿಯಲ್ಲಿ ದೂರು ಹುಡುಕಿದ, ಸಿಗಲಿಲ್ಲ. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದ. ತನ್ನ ಪರವಾಗಿ ಹೇಳಿಕೊಳ್ಳಲು ಅವನ ಬಳಿ ಇದ್ದದ್ದು ಒಂದೇ. ಅದನ್ನೇ ಹೇಳಿದ.

"ನಾನು ನಿಂತ್ಕಂಡೆ ಕಣೆ. ತಿರುಗಿ ನೋಡ್ದೆ. ವಾಪಸ್ ಬಂದೇಬಿಡಾಣ ಅಂತಿದ್ದೆ, ನಿನ್ನಾಣೆ."

"ಗೊತ್ತು. ನಿಂತಿದ್ದು ಕಾಣ್ತಿತ್ತು."

ಮಗು ಅವಳ ಕಿವಿಯೋಲೆ ಹಿಡಿದು ಜಗ್ಗುತ್ತಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ. ಇಷ್ಟು ಹೊತ್ತೂ ತಪ್ಪಿಸುತ್ತಿದ್ದ ಕಣ್ಣನ್ನು ಈಗ ನೇರ ಗಂಡನ ಮುಖಕ್ಕೆ ಎತ್ತಿದಳು. ಕಣ್ಣು ತುಂಬಿತ್ತು. ಅಷ್ಟು ಸಿಟ್ಟನ್ನು ರವಿಚಂದ್ರ ಅವಳಲ್ಲಿ ಎಂದೂ ಕಂಡಿರಲಿಲ್ಲ.

"ಪಾಪು ಕೈಯಲ್ಲಿರುವಾಗ," ಎಂದಳು, "ಯಾಕ್ರೀ ನಿಂತ್ರಿ?"